ಮನೆ ಫೋನಿಗೆ ಯಾವುದು ಸರಿ? ಕರಾವಳಿಯ ಮನೆಗಳಿಗೆ ಒಂದು ಹೋಲಿಕೆ

"ಊರ ಮನೆಯ ಲ್ಯಾಂಡ್‌ಲೈನ್ ತೆಗೆಸಿಬಿಡೋಣವಾ ಮಾರಾಯ್ರೆ? ಸುಮ್ನೆ ಬಿಲ್ ಕಟ್ಟುತ್ತಾ ಇದ್ದೇವೆ." ಈ ಪ್ರಶ್ನೆಯನ್ನು ನನಗೆ ತುಂಬಾ ಜನ ಕೇಳಿದ್ದಾರೆ. ಕೇಳುವವರು ಹೆಚ್ಚಾಗಿ ಮಕ್ಕಳು. ಮಂಗಳೂರಲ್ಲೋ ಬೆಂಗಳೂರಲ್ಲೋ ದುಬೈಯಲ್ಲೋ ಇರುತ್ತಾರೆ. ಫೋನ್ ಇರುವುದು ಬ್ರಹ್ಮಾವರದಲ್ಲೋ ಬೆಳ್ತಂಗಡಿಯಲ್ಲೋ, ಅಪ್ಪ ಅಮ್ಮನ ಹತ್ತಿರ.

ಉತ್ತರ ಹೇಳುವ ಮೊದಲು ನಾನು ಅವರಿಗೆ ಒಂದು ಕೆಲಸ ಕೊಡುತ್ತೇನೆ. ಮಾತಾಡುವುದಕ್ಕೆ ಅಂತ ಆ ಮನೆಯಿಂದ ಎಷ್ಟು ಕಡೆ ದುಡ್ಡು ಹೋಗುತ್ತಿದೆ, ಒಂದು ಚೀಟಿಯಲ್ಲಿ ಬರೆಯಿರಿ. ಕಾರ್ಕಳದ ಹತ್ತಿರದ ನಮ್ಮ ಮನೆಯ ಚೀಟಿಯಲ್ಲಿ ನಾಲ್ಕು ಸಾಲು ಬಂತು. ಹಳೆ ಲ್ಯಾಂಡ್‌ಲೈನಿನ, ಅಂದರೆ ತಾಮ್ರದ ಲೈನಿನ ಬಾಡಿಗೆ. ಫೈಬರ್ ಇಂಟರ್ನೆಟ್ಟಿನ ಬಿಲ್. ಅಪ್ಪನ ಮೊಬೈಲಿಗೆ ದಿನದ ಡೇಟಾ ಇರುವ 28 ದಿನದ ಪ್ಯಾಕ್. ಅಮ್ಮನ ಮೊಬೈಲಿಗೂ ಅದೇ. ಈ ಪೈಕಿ ಫೈಬರ್ ಬಿಲ್ಲಿನೊಳಗೆ ದೇಶದೆಲ್ಲೆಡೆಗೆ ಉಚಿತ ಕರೆ ಸೇರಿತ್ತು. ಅದನ್ನು ನಾವು ಒಂದು ದಿನವೂ ಬಳಸಿರಲಿಲ್ಲ. ಅದೇ ಮಾತಿಗೆ ನಾಲ್ಕು ಸಲ ದುಡ್ಡು ಕೊಟ್ಟ ಹಾಗಾಯಿತಲ್ವಾ?

ಈಗ ಕರೆಗೆ ಅಂತ ನಿಮಿಷದ ಲೆಕ್ಕದಲ್ಲಿ ಖರ್ಚು ಬರುವುದು ಕಡಿಮೆ. ದುಡ್ಡು ಹೋಗುವುದು ಲೈನ್ ಇಟ್ಟುಕೊಂಡಿದ್ದಕ್ಕೆ. ಹಾಗಾಗಿ ಉಳಿತಾಯ ಅಂದರೆ ಅಗ್ಗದ ಹೊಸ ಲೈನ್ ಹುಡುಕುವುದಲ್ಲ, ಒಂದೇ ಕೆಲಸಕ್ಕೆ ಎರಡು ಲೈನ್ ಇದ್ದರೆ ಒಂದನ್ನು ಬಿಡುವುದು. ಯಾವುದನ್ನು ಬಿಡಬೇಕು ಅನ್ನುವುದು ಮನೆಯಿಂದ ಮನೆಗೆ ಬೇರೆ.

ಏನೇನು ನೋಡಬೇಕು

ಮೊದಲು ದುಡ್ಡು. ಜಾಹೀರಾತಿನ ದರಕ್ಕೆ 18 ಶೇಕಡಾ ಜಿಎಸ್‌ಟಿ ಸೇರಿಸಿಯೇ ಲೆಕ್ಕ ಹಾಕಿ. 399 ರೂಪಾಯಿಯ ಫೈಬರ್ ಪ್ಲ್ಯಾನ್ ಕೈಗೆ ಬರುವಾಗ 471 ಆಗಿರುತ್ತದೆ. ಪ್ರೀಪೇಯ್ಡ್ ಮೊಬೈಲ್ ಪ್ಯಾಕಿನಲ್ಲಿ ತೆರಿಗೆ ಒಳಗೇ ಸೇರಿರುತ್ತದೆ. ಎರಡನ್ನೂ ಹಾಗೇ ಪಕ್ಕಪಕ್ಕ ಇಟ್ಟರೆ ಲೆಕ್ಕ ತಪ್ಪುತ್ತದೆ.

ಎರಡನೆಯದು ಕರೆಂಟು ಮತ್ತು ಮಳೆ. ನಮ್ಮ ಕಡೆ ಇದನ್ನು ಬಿಟ್ಟು ಮಾತಾಡುವ ಹಾಗೇ ಇಲ್ಲ. ಜೂನ್‌ನಿಂದ ಸೆಪ್ಟೆಂಬರ್ ತನಕ ಮರ ಬೀಳುತ್ತದೆ, ಲೈನ್ ಹೋಗುತ್ತದೆ. ಏಪ್ರಿಲ್–ಮೇ ಮತ್ತು ಅಕ್ಟೋಬರಿನ ಸಂಜೆ ಸಿಡಿಲು ಬೇರೆ. ಫೋನ್ ನಿಜವಾಗಿ ಬೇಕಾಗುವುದೂ ಅಂಥ ಹೊತ್ತಿನಲ್ಲೇ.

ಮೂರನೆಯದು, ಫೋನ್ ಎತ್ತುವವರು ಯಾರು? ಟಚ್ ಸ್ಕ್ರೀನ್ ಒರೆಸಿ ಕಾಲ್ ತೆಗೆಯಲು ಬೆರಳು ಮಾತು ಕೇಳದ ಅಜ್ಜಿ ಇದ್ದಾರೆ ಅಂದರೆ ವಾಟ್ಸ್‌ಆ್ಯಪ್ ಎಷ್ಟು ಉಚಿತವಾದರೂ ಅವರಿಗೆ ಪ್ರಯೋಜನ ಇಲ್ಲ. ಕೊನೆಗೆ, ಮಾತು ಹೋಗುವುದು ಎಲ್ಲಿಗೆ? ಪಕ್ಕದ ಊರಿಗೋ, ಮುಂಬೈಗೋ, ಗಲ್ಫ್‌ಗೋ. ಗಲ್ಫ್ ಆದರೆ ಲೆಕ್ಕವೇ ಬೇರೆ, ಅದಕ್ಕೆ ಆಮೇಲೆ ಬರುತ್ತೇನೆ.

ಹಳೆಯ ತಾಮ್ರದ ಲೈನ್

ಇದರ ಒಂದು ಗುಣ ಬೇರೆ ಯಾವುದಕ್ಕೂ ಇಲ್ಲ. ಫೋನ್ ನಡೆಯಲು ಬೇಕಾದ ವಿದ್ಯುತ್ತು ಅದೇ ತಂತಿಯಲ್ಲಿ ಎಕ್ಸ್‌ಚೇಂಜಿನಿಂದ ಬರುತ್ತದೆ, 48 ವೋಲ್ಟ್. ಎಕ್ಸ್‌ಚೇಂಜಿನಲ್ಲಿ ಬ್ಯಾಟರಿ ಇರುವುದರಿಂದ ಮನೆಯಲ್ಲಿ ಕರೆಂಟು ಇಲ್ಲದಿದ್ದರೂ ರಿಂಗ್ ಆಗುತ್ತದೆ. ಆದರೆ ಈ ಗುಣ ವಯರ್ ಇರುವ ಮಾಮೂಲಿ ಸೆಟ್‌ಗೆ ಮಾತ್ರ. ಕಾರ್ಡ್‌ಲೆಸ್ ಇಟ್ಟುಕೊಂಡಿದ್ದರೆ ಅದರ ತಳದ ಪೆಟ್ಟಿಗೆಗೆ ಮನೆಯ ಕರೆಂಟೇ ಬೇಕು.

ಕಷ್ಟ ಏನೆಂದರೆ ಮಳೆಗಾಲದಲ್ಲಿ ಜಾಯಿಂಟಿಗೆ ನೀರು ಹೋಗುತ್ತದೆ, ಕರಕರ ಶಬ್ದ ಶುರುವಾಗುತ್ತದೆ, ಕೊನೆಗೆ ಲೈನ್ ಸತ್ತೇ ಹೋಗುತ್ತದೆ. ಸಿಡಿಲು ಬಂದರೆ ತಾಮ್ರ ಅದನ್ನು ನೇರ ಮನೆಯೊಳಗೆ ತರುತ್ತದೆ. ಸೆಟ್ ಸುಟ್ಟ ಮನೆಗಳು ನಮ್ಮ ಊರಿನಲ್ಲಿ ಎಷ್ಟೋ. ನಿಮ್ಮ ಲೈನ್ ಇವತ್ತಿಗೂ ವರ್ಷವಿಡೀ ಸರಿಯಾಗಿದ್ದು, ಮನೆಯಲ್ಲಿ ಇಂಟರ್ನೆಟ್ ಬೇಡ, ಮೊಬೈಲ್ ಸಿಗ್ನಲ್ಲೂ ಸರಿ ಇಲ್ಲ ಅಂದರೆ ಇಟ್ಟುಕೊಳ್ಳಿ. ವರ್ಷಕ್ಕೆ ಎರಡು ತಿಂಗಳು ಸತ್ತಿರುವ ಲೈನಿಗೆ ಬಾಡಿಗೆ ಕಟ್ಟುವುದರಲ್ಲಿ ಅರ್ಥ ಇಲ್ಲ.

ಫೈಬರ್ ಜೊತೆ ಬರುವ ಫೋನ್

ಮನೆಯಲ್ಲಿ ಈಗಾಗಲೇ ಫೈಬರ್ ಇದ್ದರೆ ನನ್ನ ಮಟ್ಟಿಗೆ ಮೊದಲ ಆಯ್ಕೆ ಇದೇ. ಬಿಎಸ್‌ಎನ್‌ಎಲ್, ಜಿಯೊ, ಏರ್‌ಟೆಲ್ ಮೂವರ ಫೈಬರ್ ಪ್ಲ್ಯಾನ್‌ಗಳಲ್ಲೂ ಭಾರತದೊಳಗಿನ ಕರೆ ಸೇರಿಯೇ ಬರುತ್ತದೆ. ತಿಂಗಳಿಗೆ 400–500 ರೂಪಾಯಿಯ ಸಣ್ಣ ಪ್ಲ್ಯಾನ್ ಸಾಕು. ಒಂದು ಕರೆಗೆ ಸೆಕೆಂಡಿಗೆ ಬೇಕಾಗುವುದು ಸುಮಾರು 100 ಕಿಲೊಬಿಟ್ ಮಾತ್ರ. 30 ಎಂಬಿಪಿಎಸ್, ಅಂದರೆ ಸೆಕೆಂಡಿಗೆ 30 ಸಾವಿರ ಕಿಲೊಬಿಟ್ ಒಯ್ಯುವ ಲೈನಿಗೆ ಅದು ಲೆಕ್ಕಕ್ಕೇ ಇಲ್ಲ. ಮಾತು ಚೆನ್ನಾಗಿ ಕೇಳಲಿ ಎಂದು ದೊಡ್ಡ ಪ್ಲ್ಯಾನ್ ತೆಗೆದುಕೊಳ್ಳಬೇಡಿ.

ಗೋಡೆಗೆ ಹಾಕಿದ ಫೈಬರ್ ಪೆಟ್ಟಿಗೆಯ ಹಿಂದೆ ನೋಡಿ. ಇಂಟರ್ನೆಟ್ ಕೇಬಲಿನ ದೊಡ್ಡ ತೂತುಗಳ ಪಕ್ಕ ಒಂದು ಸಣ್ಣ ತೂತು ಇರುತ್ತದೆ. ಫೋನಿನ ಚಿತ್ರ ಇರಬಹುದು. ಹಳೆ ಲ್ಯಾಂಡ್‌ಲೈನ್ ಸೆಟ್ಟಿನ ವಯರ್ ಅಲ್ಲಿಗೆ ಹಾಕಿದರೆ ಆಯಿತು. ಹೊಸ ಸೆಟ್ ಬೇಕಿಲ್ಲ. ಆದರೆ ನಂಬರ್ ಚಾಲು ಮಾಡಿಸಬೇಕು. ನಮ್ಮಲ್ಲಿ ಕನೆಕ್ಷನ್ ಕೊಡಲು ಬಂದ ಹುಡುಗ ಇಂಟರ್ನೆಟ್ ತೋರಿಸಿ ಹೋದ. ಫೋನಿನ ವಿಷಯ ಅವನೂ ಹೇಳಲಿಲ್ಲ, ನಾವೂ ಕೇಳಲಿಲ್ಲ. ಎರಡು ವರ್ಷ ಹಾಗೇ ಹೋಯಿತು. ಆಮೇಲೆ ಒಂದು ಫೋನ್ ಮಾಡಿದ್ದಕ್ಕೆ ಮೂರು ದಿನದಲ್ಲಿ ನಂಬರ್ ಬಂತು. ನೀವು ಹೊಸದಾಗಿ ಹಾಕಿಸುವುದಾದರೆ ಬಂದವರ ಎದುರೇ ಒಂದು ಕಾಲ್ ಮಾಡಿ, ಒಂದು ಕಾಲ್ ಮಾಡಿಸಿಕೊಂಡು, ಆಮೇಲೆ ಸಹಿ ಹಾಕಿ.

ಸೆಟ್ ಹಳೆಯದಾದರೆ ಅದರ ತಳಭಾಗದಲ್ಲಿ ಅಥವಾ ಬದಿಯಲ್ಲಿ ಪಿ ಮತ್ತು ಟಿ ಎಂಬ ಎರಡು ಅಕ್ಷರದ ನಡುವೆ ಒಂದು ಚಿಕ್ಕ ಸ್ವಿಚ್ ಇರುತ್ತದೆ. ಅದನ್ನು ಟಿ ಕಡೆಗೆ ತಳ್ಳಿ. ಪಿ ಕಡೆ ಇದ್ದರೆ ಬರುವ ಕರೆ ಬರುತ್ತದೆ, ಹೋಗುವುದು ಹೋಗುವುದಿಲ್ಲ. ಅಮ್ಮ ಎರಡು ದಿನ "ನಂಬರ್ ಒತ್ತಿದರೆ ಏನೂ ಆಗುವುದಿಲ್ಲ" ಅನ್ನುತ್ತಿದ್ದರು. ಕಾರಣ ಆ ಸ್ವಿಚ್ಚು. ಬೆರಳು ಹಾಕಿ ತಿರುಗಿಸುವ ಡಯಲಿನ ಫೋನಿನಲ್ಲಿ ಈ ಸೌಲಭ್ಯವೇ ಇಲ್ಲ. ಅದು ಹೆಚ್ಚಿನ ಫೈಬರ್ ಪೆಟ್ಟಿಗೆಗಳಿಗೆ ಆಗಿಬರುವುದಿಲ್ಲ.

ಇನ್ನೊಂದು ಉಪಾಯ. ಪೆಟ್ಟಿಗೆ ಟಿವಿ ಹತ್ತಿರ ಇದೆ, ಫೋನ್ ಬೇಕಾದದ್ದು ಚಾವಡಿಯಲ್ಲಿ ಅಂದರೆ ಹೊಸ ವಯರ್ ಎಳೆಯುವುದು ಬೇಡ. ಗೋಡೆಯಲ್ಲಿ ಇರುವ ಹಳೆ ಫೋನ್ ವಯರನ್ನೇ ಬಳಸಬಹುದು. ಆದರೆ ಹೊರಗಿನಿಂದ ಬರುವ ತಾಮ್ರದ ಲೈನನ್ನು ಮೊದಲು ಬಿಡಿಸಬೇಕು. ಎರಡೂ ಸೇರಿದರೆ ಪೆಟ್ಟಿಗೆ ಹಾಳಾಗಬಹುದು. ಗೊತ್ತಿರುವ ಎಲೆಕ್ಟ್ರಿಷಿಯನ್ ಹತ್ತಿರ ಮಾಡಿಸಿ.

ಇನ್ನು ಕರೆಂಟಿನ ವಿಷಯ. ಫೈಬರ್ ಎಂದರೆ ಗಾಜಿನ ಎಳೆ. ಅದರಲ್ಲಿ ಬೆಳಕು ಬರುತ್ತದೆ, ವಿದ್ಯುತ್ತು ಬರುವುದಿಲ್ಲ. ಹಾಗಾಗಿ ಸಿಡಿಲಿನ ಭಯ ಆ ಕಡೆಯಿಂದ ತುಂಬಾ ಕಡಿಮೆ, ಆದರೆ ಕರೆಂಟು ಹೋದ ಕೂಡಲೇ ಫೋನೂ ಹೋಯಿತು. ಇನ್ವರ್ಟರ್ ಇರುವ ಮನೆಯಲ್ಲಿ ಪೆಟ್ಟಿಗೆಯನ್ನು ಇನ್ವರ್ಟರ್ ಪಾಯಿಂಟಿಗೆ ಹಾಕಿ. ಇಲ್ಲದವರು ರೂಟರಿಗೆಂದೇ ಸಿಗುವ ಮಿನಿ ಯುಪಿಎಸ್ ತೆಗೆದುಕೊಳ್ಳಬಹುದು. ಸುಮಾರು ಒಂದರಿಂದ ಎರಡು ಸಾವಿರ ರೂಪಾಯಿ, ಕೆಲವು ಗಂಟೆ ನಡೆಯುತ್ತದೆ. ಕೊಳ್ಳುವ ಮುನ್ನ ನಿಮ್ಮ ಪೆಟ್ಟಿಗೆಯ ಅಡಾಪ್ಟರಿನ ಮೇಲೆ ಬರೆದಿರುವ ವೋಲ್ಟ್ ಮತ್ತು ಆಂಪಿಯರ್ ಫೋಟೊ ತೆಗೆದುಕೊಂಡು ಅಂಗಡಿಗೆ ಹೋಗಿ. ಹೆಚ್ಚಿನವು 12 ವೋಲ್ಟ್. ಸಿಡಿಲು ಬರುವಾಗ ಆ ಅಡಾಪ್ಟರನ್ನು ಪ್ಲಗ್ಗಿನಿಂದ ಎಳೆಯುವ ಅಭ್ಯಾಸ ಮಾತ್ರ ಬಿಡಬೇಡಿ, ಯಾಕೆಂದರೆ ಮೆಸ್ಕಾಂನ ಕರೆಂಟು ಲೈನಿನಿಂದ ಬರುವ ಏಟು ಅಲ್ಲೇ ತಾಗುವುದು.

ಜಾಸ್ತಿ ಜನ ಕೇಳದ ಪ್ರಶ್ನೆ ಇನ್ನೊಂದಿದೆ. ನಿಮ್ಮ ಮನೆಯಲ್ಲಿ ಯುಪಿಎಸ್ ಇದ್ದರೂ, ಫೈಬರ್ ಹೊರಡುವ ಜಾಗದಲ್ಲಿ ಬ್ಯಾಟರಿ ಇಲ್ಲದಿದ್ದರೆ ಏನೂ ಪ್ರಯೋಜನ ಇಲ್ಲ. ಹಳ್ಳಿ ಕಡೆ ಫೈಬರ್ ಕೊಡುವುದು ಹೆಚ್ಚಾಗಿ ಲೋಕಲ್ ಕೇಬಲ್‌ನವರು. ಫೈಬರ್ ಹೊರಡುವ ಅವರ ಯಂತ್ರ (ಅದಕ್ಕೆ ಒಎಲ್‌ಟಿ ಅನ್ನುತ್ತಾರೆ) ಪೇಟೆಯ ಯಾವುದೋ ಕೋಣೆಯಲ್ಲಿರುತ್ತದೆ. "ನಿಮ್ಮ ಒಎಲ್‌ಟಿಗೆ ಬ್ಯಾಕಪ್ ಎಷ್ಟು ಗಂಟೆ?" ಎಂದೇ ಕೇಳಿ. ಉತ್ತರ ತಡವರಿಸಿದರೆ ಪಕ್ಕದ ಮನೆಯವರನ್ನು ವಿಚಾರಿಸಿ: ಹೋದ ಜುಲೈಯಲ್ಲಿ ಎಷ್ಟು ದಿನ ಇಂಟರ್ನೆಟ್ ಇರಲಿಲ್ಲ, ದೂರು ಕೊಟ್ಟರೆ ಎಷ್ಟು ದಿನಕ್ಕೆ ಬಂದರು? ನಮ್ಮ ಕಡೆ ಕಂಪನಿಯ ಹೆಸರಿಗಿಂತ ಈ ಉತ್ತರ ಮುಖ್ಯ. ಮಂಗಳೂರು ಪೇಟೆಯ ಕದ್ರಿಯಲ್ಲಿ ಒಳ್ಳೆಯದಾದ ಸೇವೆ ಹೆಬ್ರಿಯಲ್ಲೂ ಒಳ್ಳೆಯದಾಗಿರಬೇಕೆಂದಿಲ್ಲ.

ನಂಬರ್ ಉಳಿಯುತ್ತದಾ? ಮೊಬೈಲಿನ ಹಾಗೆ ಲ್ಯಾಂಡ್‌ಲೈನ್ ನಂಬರನ್ನು ಒಂದು ಕಂಪನಿಯಿಂದ ಇನ್ನೊಂದಕ್ಕೆ ಒಯ್ಯಲು ಆಗುವುದಿಲ್ಲ. 0824 ಅಥವಾ 0820ರ ನಿಮ್ಮ ಹಳೆ ನಂಬರ್ ಮುಂಬೈಯ ನೆಂಟರಿಗೆಲ್ಲ ಬಾಯಿಪಾಠ ಆಗಿದ್ದರೆ, ಬಿಎಸ್‌ಎನ್‌ಎಲ್ ತಾಮ್ರದಿಂದ ಬಿಎಸ್‌ಎನ್‌ಎಲ್ ಫೈಬರಿಗೇ ಹೋಗುವುದು ಒಂದು ದಾರಿ. ಅದೇ ನಂಬರ್ ಸಿಗುತ್ತದೆಯೇ ಎಂದು ಅರ್ಜಿ ಕೊಡುವ ಮೊದಲೇ ಕೇಳಿ ಖಚಿತ ಮಾಡಿಕೊಳ್ಳಿ.

ವಾಟ್ಸ್‌ಆ್ಯಪ್, ಮತ್ತು ಗಲ್ಫಿನ ವಿಷಯ

ಇಂಟರ್ನೆಟ್ ಇದ್ದ ಮೇಲೆ ವಾಟ್ಸ್‌ಆ್ಯಪ್ ಕರೆಗೆ ಬೇರೆ ಖರ್ಚಿಲ್ಲ. ಅಮೆರಿಕದಲ್ಲೋ ಲಂಡನ್ನಿನಲ್ಲೋ ಮಗಳಿದ್ದರೆ ಇದಕ್ಕಿಂತ ಒಳ್ಳೆಯದು ಬೇರೆ ಇಲ್ಲ. ಮುಖ ನೋಡಿ ಮಾತಾಡಬಹುದು. ಫೈಬರ್ ಫೋನಿನಿಂದ ವಿದೇಶಕ್ಕೆ ಮಾಡಿದರೆ ಐಎಸ್‌ಡಿ ದರ ಬೇರೆಯೇ ಬೀಳುತ್ತದೆ, ಅದು ಉಚಿತ ಕರೆಯಲ್ಲಿ ಸೇರಿಲ್ಲ.

ಆದರೆ ಮಂಗಳೂರು, ಉಡುಪಿಯ ಎಷ್ಟೋ ಮನೆಗಳ ಮಕ್ಕಳು ಇರುವುದು ದುಬೈ, ಶಾರ್ಜಾ, ಅಬುಧಾಬಿಯಲ್ಲಿ. ಯುಎಇಯಲ್ಲಿ ವಾಟ್ಸ್‌ಆ್ಯಪ್ ಕರೆಗೆ ತಡೆ ಇದೆ. ಬರೆದ ಮೆಸೇಜು ಹೋಗುತ್ತದೆ, ಧ್ವನಿ ಮೆಸೇಜೂ ಹೋಗುತ್ತದೆ, ಕರೆ ಮಾತ್ರ ಆಗುವುದಿಲ್ಲ. ಅಲ್ಲಿ ಒಪ್ಪಿಗೆ ಇರುವ ಬೋಟಿಮ್‌ನಂಥ ಆ್ಯಪ್ ಬಳಸಬೇಕು. ಅದನ್ನು ಇಲ್ಲಿ ಅಪ್ಪ ಅಮ್ಮನ ಫೋನಿನಲ್ಲೂ ಹಾಕಿರಬೇಕು. ವಿಪಿಎನ್ ಹಾಕಿ ತಡೆ ದಾಟುವ ಉಪಾಯ ಯಾರಾದರೂ ಹೇಳಿದರೆ ಕೇಳಬೇಡಿ. ಅಲ್ಲಿನ ಕಾನೂನಿನಲ್ಲಿ ಅದಕ್ಕೆ ದೊಡ್ಡ ದಂಡ ಇದೆ. ತೊಂದರೆ ಆಗುವುದು ದುಡಿಯಲು ಹೋದ ಮಗನಿಗೆ.

ಆ್ಯಪ್‌ನ ಕೊರತೆ ಎಂದರೆ ಅದರಿಂದ ತುರ್ತು ನಂಬರ್ 112ಕ್ಕೆ ಕರೆ ಹೋಗುವುದಿಲ್ಲ. ಆಸ್ಪತ್ರೆಯ ಲ್ಯಾಂಡ್‌ಲೈನಿಗೂ ಹೋಗುವುದಿಲ್ಲ. ಮತ್ತೆ, ಆ್ಯಪ್ ಎಷ್ಟು ದಿನ ಇರುತ್ತದೆ ಎಂಬುದು ನಮ್ಮ ಕೈಯಲ್ಲಿಲ್ಲ. ಒಂದು ಕಾಲದಲ್ಲಿ ಊರ ಮನೆ ಮನೆಗೂ ಗೊತ್ತಿದ್ದ ಸ್ಕೈಪ್‌ನ ಕತೆ ನೋಡಿ. 2014ರ ನವೆಂಬರ್‌ನಲ್ಲಿ ಭಾರತದೊಳಗೆ ಮೊಬೈಲಿಗೆ, ಲ್ಯಾಂಡ್‌ಲೈನಿಗೆ ಕರೆ ಮಾಡುವುದು ನಿಂತಿತು. 2025ರ ಮೇ 5ಕ್ಕೆ ಸ್ಕೈಪೇ ಮುಚ್ಚಿತು. ಹಾಗಾಗಿ ಆ್ಯಪ್ ಇರಲಿ, ಅದರ ಜೊತೆ ನಿಜವಾದ ನಂಬರ್ ಇರುವ ಒಂದು ಫೋನ್ ಕೂಡಾ ಇರಲಿ.

ವೈ-ಫೈ ಕಾಲಿಂಗ್

ದಪ್ಪ ಗೋಡೆಯ ಹಳೆ ಮನೆ, ಸುತ್ತ ಅಡಿಕೆ ತೋಟ, ಹಿಂದೆ ಗುಡ್ಡ. ಒಳಗೆ ಮೊಬೈಲಿಗೆ ಒಂದು ಕಡ್ಡಿ ಸಿಗ್ನಲ್ ಇಲ್ಲ. ಮಾತಾಡಬೇಕಾದರೆ ಅಂಗಳದ ಮೂಲೆಗೆ ಹೋಗಬೇಕು, ಮಳೆಯಲ್ಲೂ. ಇಂಥ ಮನೆಗೆ ವೈ-ಫೈ ಕಾಲಿಂಗ್ ದೊಡ್ಡ ಉಪಕಾರ. ಮೊಬೈಲಿನ ಸೆಟ್ಟಿಂಗ್‌ನಲ್ಲಿ ಸಿಮ್‌ನ ಪುಟಕ್ಕೆ ಹೋಗಿ ಅದನ್ನು ಆನ್ ಮಾಡಿದರೆ ಸಾಕು. ಟವರ್ ಬದಲು ಮನೆಯ ವೈ-ಫೈ ಮೂಲಕ ಮಾಮೂಲಿ ಕರೆ ಹೋಗುತ್ತದೆ. ನಂಬರ್ ಅದೇ. ಆಚೆಯವರ ಹತ್ತಿರ ಯಾವ ಆ್ಯಪ್ಪೂ ಬೇಡ. ಬೇರೆ ಶುಲ್ಕ ಇಲ್ಲ, ನಿಮ್ಮ ಪ್ಯಾಕಿನ ಕರೆಯಲ್ಲೇ ಸೇರುತ್ತದೆ. ಸಿಮ್ ಕಂಪನಿ ಮತ್ತು ಫೋನ್ ಎರಡರಲ್ಲೂ ಈ ಸೌಲಭ್ಯ ಇರಬೇಕು, ಅಷ್ಟೇ. ರೀಚಾರ್ಜ್ ಮಾತ್ರ ಇರಲೇಬೇಕು, ಹಾಗಾಗಿ ಇದೊಂದೇ ಉಳಿತಾಯ ತರುವುದಿಲ್ಲ. ಮುಂದಿನದರ ಜೊತೆ ಸೇರಿಸಿದರೆ ತರುತ್ತದೆ.

ಮಾತಿಗೆ ಮಾತ್ರ ಇರುವ ರೀಚಾರ್ಜ್

2024ರ ಡಿಸೆಂಬರ್‌ನಲ್ಲಿ ಫೋನ್ ಕಂಪನಿಗಳಿಗೆ ನಿಯಮ ಮಾಡುವ ಸರಕಾರಿ ಸಂಸ್ಥೆ ಟ್ರಾಯ್ ಒಂದು ಒಳ್ಳೆ ಕೆಲಸ ಮಾಡಿತು. ಡೇಟಾ ಬೇಡದವರಿಗೆ ಕರೆ ಮತ್ತು ಎಸ್‌ಎಂಎಸ್ ಮಾತ್ರ ಇರುವ ಪ್ಯಾಕ್ ಕೊಡಲೇಬೇಕು ಎಂದಿತು. 2025ರ ಜನವರಿಯಲ್ಲಿ ಅವು ಬಂದವು. ಆಗ ಏರ್‌ಟೆಲ್‌ನದ್ದು 365 ದಿನಕ್ಕೆ 1849 ರೂಪಾಯಿ, ಜಿಯೊದ್ದು 336 ದಿನಕ್ಕೆ 1748 ಇತ್ತು. ದರ ಬದಲಾಗುತ್ತಾ ಇರುತ್ತದೆ, ಹಾಕಿಸುವ ದಿನ ಒಮ್ಮೆ ನೋಡಿ. ದಿನದ ಲೆಕ್ಕವನ್ನೂ ನೋಡಿ, 336 ಅಂದರೆ ವರ್ಷ ಅಲ್ಲ.

ಈಗ ಲೆಕ್ಕ ಹಾಕೋಣ. 28 ದಿನದ 300 ರೂಪಾಯಿಯ ಡೇಟಾ ಪ್ಯಾಕ್ ವರ್ಷಕ್ಕೆ 13 ಸಲ ಬೇಕು, 12 ಅಲ್ಲ. 3900 ರೂಪಾಯಿ ಆಯಿತು. ಮನೆಯಲ್ಲೇ ಇರುವ, ಮನೆಯ ವೈ-ಫೈಯಲ್ಲೇ ವಾಟ್ಸ್‌ಆ್ಯಪ್ ನೋಡುವ ಅಮ್ಮನಿಗೆ ದಿನದ ಡೇಟಾ ಯಾಕೆ? ಮಾತಿನ ಪ್ಯಾಕ್ ಹಾಕಿದರೆ ವರ್ಷಕ್ಕೆ 2000 ರೂಪಾಯಿ ಉಳಿಯಿತು. ಅಪ್ಪ ಅಮ್ಮ ಇಬ್ಬರದ್ದು ಸೇರಿದರೆ 4000. ನಮ್ಮ ಚೀಟಿಯಲ್ಲಿ ದೊಡ್ಡ ಉಳಿತಾಯ ಬಂದದ್ದು ಇಲ್ಲಿಂದಲೇ. ಪೇಟೆಗೆ ಹೋದಾಗ ಅಮ್ಮನಿಗೆ ವಾಟ್ಸ್‌ಆ್ಯಪ್ ಬರುವುದಿಲ್ಲ ಎಂಬುದೊಂದೇ ಕೊರತೆ. ಅಪ್ಪ ಅಂಗಡಿಯಲ್ಲಿ ಯುಪಿಐ ಮಾಡುವವರು. ಅವರಿಗೆ ಹಳೆ ಪ್ಯಾಕೇ ಬೇಕಾಯಿತು, ಹಾಗಾಗಿ ನಮಗೆ ಉಳಿದದ್ದು ಒಬ್ಬರದ್ದು.

ಕೀಪ್ಯಾಡ್ ಮೊಬೈಲ್ ಚಿಕ್ಕದಾಯಿತು, ಕಿವಿಗೆ ಹಿಡಿಯಲು ರಿಸೀವರೇ ಬೇಕು ಅನ್ನುವ ಹಿರಿಯರಿಗೆ ಸಿಮ್ ಹಾಕುವ ಟೇಬಲ್ ಫೋನ್ ಸಿಗುತ್ತದೆ. ನೋಡಲು ಲ್ಯಾಂಡ್‌ಲೈನ್ ಹಾಗೇ, ಒಳಗೆ ಬ್ಯಾಟರಿ. ಹಿಂದೆ ಹಳ್ಳಿಗಳಲ್ಲಿದ್ದ, ಹೊರಗಿನಿಂದ ತಂತಿ ಇಲ್ಲದ ಡಬ್ಲ್ಯುಎಲ್‌ಎಲ್ ಫೋನ್ ನೆನಪಿರುವವರಿಗೆ ಹೊಸದೆನಿಸುವುದಿಲ್ಲ. ಜಿಯೊ ಸಿಮ್ ಹಾಕುವುದಾದರೆ 4ಜಿ ಇರುವ ಸೆಟ್ಟೇ ಬೇಕು, 2ಜಿಯದ್ದು ನಡೆಯುವುದಿಲ್ಲ. ಅಗ್ಗ ಎಂದು ಹಳೆ ಸೆಟ್ ತಂದು ಮೋಸ ಹೋಗಬೇಡಿ.

ಯಾವ ಮನೆಗೆ ಯಾವುದು

ಫೈಬರ್ ಈಗಾಗಲೇ ಇದ್ದರೆ ಅದರ ಫೋನ್ ಚಾಲು ಮಾಡಿಸಿ, ತಾಮ್ರದ ಲೈನ್ ಬಿಡಿ, ಮನೆಯಲ್ಲೇ ಇರುವವರ ಮೊಬೈಲಿಗೆ ಮಾತಿನ ಪ್ಯಾಕ್ ಹಾಕಿ. ಇದರಲ್ಲಿ ಎರಡು ಯೋಚನೆ ಬೇಡ.

ಫೈಬರ್ ಇಲ್ಲ, ಬೇಕಾಗಿಯೂ ಇಲ್ಲ, ಆದರೆ ಸಿಗ್ನಲ್ ಚೆನ್ನಾಗಿದೆ ಅಂದರೆ ಬರೀ ಫೋನಿಗಾಗಿ ಫೈಬರ್ ಹಾಕಿಸಬೇಡಿ. 471 ರೂಪಾಯಿಯ ಹಾಗೆ ವರ್ಷಕ್ಕೆ 5650ರಷ್ಟು ಆಗುತ್ತದೆ. ಮಾತಿನ ಪ್ಯಾಕ್ ಅದರ ಮೂರನೇ ಒಂದು ಪಾಲು. ಸಿಮ್ ಇರುವ ಟೇಬಲ್ ಫೋನ್ ಸಾಕು.

ಸಿಗ್ನಲ್ಲೂ ಇಲ್ಲದ ಮನೆಗೆ, ಅದರಲ್ಲೂ ವಯಸ್ಸಾದವರು ಇಬ್ಬರೇ ಇರುವ ಮನೆಗೆ, ಫೈಬರ್ ಮತ್ತು ಯುಪಿಎಸ್ ಎರಡೂ ಬೇಕು. ಇಲ್ಲಿ ಉಳಿತಾಯದ ಮಾತು ಆಮೇಲೆ. ರಾತ್ರಿ ಎದೆನೋವು ಬಂದರೆ ಕರೆ ಹೋಗಬೇಕು, ಅದು ಮೊದಲು. ಅಲ್ಲಿ ತಾಮ್ರದ ಲೈನ್ ಇನ್ನೂ ಜೀವಂತ ಇದ್ದರೆ ಒಂದು ಮಳೆಗಾಲ ಎರಡನ್ನೂ ಇಟ್ಟುಕೊಂಡು ನೋಡಿ ಎಂದೇ ನಾನು ಹೇಳುವುದು. ಮಣಿಪಾಲದ ಬಾಡಿಗೆ ರೂಮಿನ ವಿದ್ಯಾರ್ಥಿಗಳಿಗೆ ಇದ್ಯಾವುದೂ ಬೇಡ, ಮೊಬೈಲ್ ಸಾಕು.

ಬದಲಾಯಿಸುವಾಗ

ಹೊಸ ಫೋನ್ ಬಂದ ಮೇಲೆ ಎರಡು ವಾರ ಹಳೆಯದನ್ನೂ ಇಟ್ಟುಕೊಳ್ಳಿ. ಲ್ಯಾಂಡ್‌ಲೈನಿನಿಂದ ಮೊಬೈಲಿಗೆ ಮಾಡುವಾಗ ಮುಂದೆ ಸೊನ್ನೆ ಹಾಕಬೇಕೆಂಬ ನಿಯಮ 2021ರ ಜನವರಿಯಲ್ಲಿ ಬಂದಿದೆ. ಹಿರಿಯರಿಗೆ ಇದು ಮರೆಯುತ್ತದೆ. ಅಮ್ಮನ ನಂಬರ್ ಪುಸ್ತಕದಲ್ಲಿ ಪ್ರತಿ ಮೊಬೈಲ್ ನಂಬರಿನ ಮುಂದೆ ಕೆಂಪು ಪೆನ್ನಿನಲ್ಲಿ ಒಂದು ಸೊನ್ನೆ ಬರೆದುಕೊಟ್ಟೆ. ಆಮೇಲೆ ಒಂದು ಸಲವೂ ತಪ್ಪಲಿಲ್ಲ.

ಹಳೆ ನಂಬರ್ ಎಲ್ಲೆಲ್ಲಿ ಕೊಟ್ಟಿದ್ದೀರಿ ನೋಡಿ. ಬ್ಯಾಂಕ್, ಗ್ಯಾಸ್ ಏಜೆನ್ಸಿ, ಹಾಲಿನ ಸೊಸೈಟಿ, ದೇವಸ್ಥಾನ. ಅವನ್ನೆಲ್ಲ ಬದಲಿಸಿದ ಮೇಲೆಯೇ ಲೈನ್ ಬಿಡುವ ಅರ್ಜಿ ಕೊಡಿ. ಕನೆಕ್ಷನ್ ತೆಗೆದುಕೊಳ್ಳುವಾಗ ಕಟ್ಟಿದ ಡೆಪಾಸಿಟ್ ಇದ್ದರೆ, ಬಾಕಿ ಬಿಲ್ ಕಳೆದು ಉಳಿದದ್ದು ನಿಮಗೆ ವಾಪಸ್ ಬರಬೇಕು. ಅರ್ಜಿಯ ಇನ್ನೊಂದು ಪ್ರತಿಗೆ ಸೀಲು, ತಾರೀಕು ಹಾಕಿಸಿಕೊಂಡು ಮನೆಗೆ ತನ್ನಿ.